ಹೆಡ್ಮೇಷ್ಟ್ರ ಕೋಣೆಯ ಹೊಸ್ತಿಲು: ಅಂಕ, ಹಾಸ್ಟೆಲು ಮತ್ತು ಮುಂದಾಳ್ತನದ ಒಂದು ಚರಿತ್ರೆ

1

ದಲಿತ ವಿಮರ್ಶೆ ಅಂದ ಕೂಡಲೆ ನಾವು ಕತೆ, ಕಾದಂಬರಿ, ಕಾವ್ಯ, ಆತ್ಮಕತೆಗಳ ಕಡೆಗೆ ತಿರುಗುತ್ತೇವೆ. ಇವನ್ನು ಬರೆದವರು ಹತ್ತನೇ ಕ್ಲಾಸು ದಾಟಿದ್ದು ಹೇಗೆ, ನಾಲ್ಕು ಜನರ ಮುಂದೆ ಮೊದಲ ಸಲ ಎದ್ದು ನಿಂತು ಮಾತಾಡಿದ್ದು ಯಾರ ಅಪ್ಪಣೆಯಿಂದ ಎಂಬ ಪ್ರಶ್ನೆಗಳನ್ನು ಮಾತ್ರ ವಿಮರ್ಶೆಯ ಅಂಗಳದ ಆಚೆಗೆ ಇಟ್ಟಿದ್ದೇವೆ. ಅದು ಶಿಕ್ಷಣ ಇಲಾಖೆಯ ಬಾಬತ್ತು, ಬಿ.ಎಡ್. ಕಾಲೇಜಿನವರ ಪಾಠ ಅಂತ ಬಿಟ್ಟುಬಿಟ್ಟಿದ್ದೇವೆ. ನನಗೆ ಇದು ಸರಿಕಾಣುವುದಿಲ್ಲ. ಕೇರಿಯ ಮಟ್ಟಿಗೆ ಹೈಸ್ಕೂಲಿನ ಹೆಡ್ಮೇಷ್ಟ್ರು ಅನ್ನುವವರು ಬರೀ ಪಾಠ ಹೇಳುವವರಲ್ಲ. ಅಡ್ಮಿಶನ್ ರಿಜಿಸ್ಟರಿನಲ್ಲಿ ಜಾತಿಯ ಹೆಸರು ಬರೆಸುವವರು ಅವರು, ಟಿ.ಸಿ.ಗೆ ಸಹಿ ಹಾಕುವವರು ಅವರು, ಸ್ಕಾಲರ್‌ಶಿಪ್ ಅರ್ಜಿ ಮೇಲಕ್ಕೆ ಕಳಿಸುವವರೂ ಅವರೇ. ಪ್ರಾರ್ಥನೆ ಯಾರು ಹೇಳಬೇಕು, ಮಾನಿಟರ್ ಯಾರಾಗಬೇಕು, ಆಗಸ್ಟ್ 15ರಂದು ಮೈಕಿನ ಮುಂದೆ ಯಾರು ನಿಲ್ಲಬೇಕು, ಬಿಂದಿಗೆ ಹಿಡಿದು ನೀರಿಗೆ ಯಾರು ಹೋಗಬೇಕು ಎಂದು ತೀರ್ಮಾನವಾಗುವುದು ಅವರ ಕೋಣೆಯಲ್ಲಿ. ಹಾಗಾಗಿ ಆ ಕೋಣೆಯನ್ನೂ ಒಂದು ಪಠ್ಯವಾಗಿ ಓದಬೇಕಾಗಿದೆ.

ನಾನು ಹೈಸ್ಕೂಲು ಓದಿದ್ದು ಚನ್ನಪಟ್ಟಣ ತಾಲೂಕಿನ ವಿರೂಪಾಕ್ಷಿಪುರ ಹೋಬಳಿಯಲ್ಲಿ, 2010ರಿಂದ 2013ರವರೆಗೆ. ಶಾಲೆಯ ಹೆಸರು ಬೇಡ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಮಾವಿನ ತೋಪುಗಳ ನಡುವಿನ ಊರುಗಳು ನಮ್ಮವು. ರೇಷ್ಮೆಹುಳ ಹಣ್ಣಾಗುವ ವಾರದಲ್ಲಿ ಕೇರಿಯ ಮಕ್ಕಳ ಹಾಜರಿ ಬೀಳುತ್ತಿತ್ತು. ಸರ್ಕಾರ 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರುಮಾಡಿದ್ದರಿಂದ ನನ್ನಂಥ ಹೆಣ್ಣುಮಕ್ಕಳು ಮೂರು ಮೈಲಿ ದೂರದ ಹೈಸ್ಕೂಲಿಗೆ ಹೋಗುವಂತಾಯಿತು. 2007-08ರಿಂದ ಬಿಸಿಯೂಟ ಹೈಸ್ಕೂಲಿಗೂ ಬಂದಿತ್ತು. ಹೀಗೆ ಅನ್ನ, ಸೈಕಲ್ಲು, ಪುಸ್ತಕ ಎಲ್ಲವೂ ನಮ್ಮ ಮುಂದೆ ಇದ್ದವು.

ನಮ್ಮ ಹೆಡ್ಮೇಷ್ಟ್ರು ಒಳ್ಳೆಯವರು. ಇದನ್ನು ನಾನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನಾನು ಹೇಳುವುದು ಅವರ ಮೇಲಿನ ದೂರಿನ ಹಾಗೆ ಕೇಳಿಸಬಹುದು. ಬೆಳಗ್ಗೆ ಏಳಕ್ಕೆ ಬಂದು ಕೇರಿಯ ಮಕ್ಕಳಿಗೆ ಗಣಿತ, ಇಂಗ್ಲಿಷು ಹೇಳಿಕೊಟ್ಟರು. ಕೈಯಿಂದ ದುಡ್ಡು ಹಾಕಿ ಟೀ, ಬನ್ನು ತರಿಸಿದರು. ಲೋಟ ಎಲ್ಲರಿಗೂ ಒಂದೇ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದದ್ದರ ಹಿಂದೆ ಅವರ ದುಡಿಮೆ ಇದೆ. ಒಂಬತ್ತನೇ ಕ್ಲಾಸಿನಲ್ಲಿ ಆಗಸ್ಟ್ 15ಕ್ಕೆ ಭಾಷಣ ಬರೆದುಕೊಂಡು ಹೋಗಿ ಅವರ ಮುಂದೆ ಓದಿದೆ. ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ಚೆನ್ನಾಗೈತೆ ಪುಟ್ಟಿ. ಆದ್ರೆ ನಿಂಗೆ ಹಕಾರ ಬರಕಿಲ್ಲ. ಊರಿನೋರೆಲ್ಲಾ ಬಂದಿರ್ತಾರೆ. ಭಾಷಣ ಗೀಷಣ ಅವ್ರು ಮಾಡ್ಕಳ್ಳಿ, ನಿಂಗೆ ಮಾರ್ಕ್ಸ್ ಮುಖ್ಯ." ಅವರಿಗೂ ಹಕಾರ ಬರುತ್ತಿರಲಿಲ್ಲ ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ಆ ವರ್ಷದ ಶಾಲಾ ಮಂತ್ರಿಮಂಡಲದಲ್ಲಿ ನನ್ನನ್ನು ಸ್ವಚ್ಛತಾ ಮಂತ್ರಿ ಮಾಡಿದರು. ಅದರ ಹಿಂದಿನ ವರ್ಷ ಸ್ವಚ್ಛತಾ ಮಂತ್ರಿಯಾಗಿದ್ದವನೂ ನಮ್ಮ ಕೇರಿಯವನೇ.

ಅಂಕ ಕೊಡಿಸಲು ಇಷ್ಟು ಒದ್ದಾಡಿದ ಮನುಷ್ಯ ಮೈಕು ಕೊಡಲು ಯಾಕೆ ಹಿಂಜರಿದರು? ಈ ಪ್ರಶ್ನೆ ಅವರೊಬ್ಬರ ಸ್ವಭಾವದ್ದಲ್ಲ. ಅದಕ್ಕೊಂದು ಚರಿತ್ರೆ ಇದೆ. ಆ ಚರಿತ್ರೆಯನ್ನು ಹುಡುಕುವುದು ಈ ಬರಹದ ಕೆಲಸ.

2

ಹಳೇ ಮೈಸೂರು ಸಂಸ್ಥಾನದಲ್ಲಿ ಅಸ್ಪೃಶ್ಯರ ಮಕ್ಕಳಿಗೆ ಮೊದಲು ಸಿಕ್ಕಿದ್ದು ಪ್ರತ್ಯೇಕ ಶಾಲೆ. 'ಪಂಚಮ ಶಾಲೆ' ಅನ್ನುತ್ತಿದ್ದರು. ಊರಿನ ಶಾಲೆಯ ಜಗಲಿ ಹತ್ತದೆ ಅಕ್ಷರ ಕಲಿಯುವ ಏರ್ಪಾಟು ಅದು. 1910ರ ದಶಕದ ಕೊನೆಯ ಹೊತ್ತಿಗೆ ಸರ್ಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂಬ ನಿಲುವಿಗೆ ಸಂಸ್ಥಾನ ಬಂತು. ಆಗ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರ ಹೆಸರು ಈ ಕೆಲಸಕ್ಕೆ ಅಂಟಿಕೊಂಡಿದೆ. ಮೇಲ್ಜಾತಿಯವರಿಂದ ವಿರೋಧ ಬಂತು. ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದವರೂ ಇದ್ದರು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಆಜ್ಞೆ ಹೊರಟದ್ದು ಬೆಂಗಳೂರಿನಿಂದ. ಅದು ಜಾರಿಯಾಗಬೇಕಾದ್ದು ಹಳ್ಳಿ, ಹೋಬಳಿಯ ಮೇಷ್ಟ್ರ ಕೈಯಿಂದ. ಸೇರಿಸಿಕೊಳ್ಳಬೇಕು ಅಂತ ಕಾಗದ ಹೇಳಬಹುದು. ಎಲ್ಲಿ ಕೂರಿಸಬೇಕು, ಕುಡಿಯುವ ನೀರನ್ನು ಯಾರು ಎತ್ತಿ ಹೊಯ್ಯಬೇಕು, ತಪ್ಪು ಮಾಡಿದರೆ ಯಾವ ಕೋಲಿನಿಂದ ಹೊಡೆಯಬೇಕು ಅನ್ನುವುದನ್ನು ಯಾವ ಕಾಗದವೂ ಹೇಳಲಾರದು. ಬಾಗಿಲು ತೆರೆಯುವುದು ಪ್ರಭುತ್ವದ ಕೆಲಸವಾಯಿತು, ಹೊಸ್ತಿಲು ಕಾಯುವುದು ಮೇಷ್ಟ್ರ ಕೆಲಸವಾಗಿ ಉಳಿಯಿತು.

ಆ ಮೇಷ್ಟ್ರ ಕುರ್ಚಿಯಲ್ಲಿ ಯಾರು ಕೂತಿದ್ದರು ಅನ್ನುವುದೂ ಮುಖ್ಯ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಅದು 1919ರಲ್ಲಿ ವರದಿ ಕೊಟ್ಟಿತು. ಸರ್ಕಾರಿ ಕುರ್ಚಿಗಳೆಲ್ಲ ಒಂದೇ ಜಾತಿಯ ಕೈಯಲ್ಲಿವೆ ಅನ್ನುವ ಬ್ರಾಹ್ಮಣೇತರರ ದೂರು ಈ ಸಮಿತಿಗೆ ಮೂಲ. ಅದರ ಫಲ ಮೊದಲು ತಲುಪಿದ್ದು ಭೂಮಿ ಇದ್ದ, ಸಂಘ ಕಟ್ಟಿಕೊಂಡಿದ್ದ ಜಾತಿಗಳಿಗೆ. 1906ರಲ್ಲಿ ಒಕ್ಕಲಿಗರ ಸಂಘ ಶುರುವಾಗಿತ್ತು. ಬೇರೆ ಬೇರೆ ಜಾತಿ ಸಂಘಗಳು ತಮ್ಮ ಹುಡುಗರಿಗೆ ಊಟ, ವಸತಿ, ಧೈರ್ಯ ಮೂರನ್ನೂ ಕೊಡುವ ಹಾಸ್ಟೆಲುಗಳನ್ನು ತೆರೆದವು. ಅಲ್ಲಿ ಉಂಡ ಹುಡುಗನಿಗೆ ತಾನು ಯಾರ ಋಣದಲ್ಲೂ ಇದ್ದೇನೆ ಅನ್ನಿಸುತ್ತಿರಲಿಲ್ಲ, ತನ್ನವರ ಮನೆಯಲ್ಲಿ ತಾನು ಉಂಡ ಹಾಗೆ. ಮುಂದೆ ರಾಜಕಾರಣಕ್ಕೆ ಇಳಿದಾಗ ಬೆನ್ನಿಗೆ ನಿಂತದ್ದೂ ಆ ಸಂಗಾತಿಗಳೇ.

ಹೊಲೆಯ ಮಾದಿಗರ ಕೈಯಲ್ಲಿ ಅಂಥ ದುಡ್ಡಾಗಲಿ ಭೂಮಿಯಾಗಲಿ ಇರಲಿಲ್ಲ. ಅವರ ಮಕ್ಕಳ ಹಾಸ್ಟೆಲು ಒಂದೋ ಸರ್ಕಾರದ್ದು, ಇಲ್ಲವೇ ಕರುಣೆಯುಳ್ಳ ಮೇಲ್ಜಾತಿಯವರದು. ಗೋಪಾಲಸ್ವಾಮಿ ಅಯ್ಯರ್, ತಗಡೂರು ರಾಮಚಂದ್ರರಾಯರಂಥ ಗಾಂಧಿವಾದಿಗಳು ತಮ್ಮ ಜಾತಿಯವರ ಬೈಗುಳ ತಿಂದುಕೊಂಡು ಈ ಕೆಲಸ ಮಾಡಿದರು. ಅವರನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಆದರೆ 1932ರ ಪೂನಾ ಒಪ್ಪಂದದ ನಂತರ ಹರಿಜನ ಸೇವೆ ಅನ್ನುವುದು ಒಂದು ಭಾಷೆಯಾಗಿ ಬೆಳೆದಾಗ ಅದರಲ್ಲಿ ಕೊಡುವವರು ಮತ್ತು ತೆಗೆದುಕೊಳ್ಳುವವರು ಅಂತ ಎರಡೇ ಪಾತ್ರಗಳಿದ್ದವು. ಡಿ.ಆರ್. ನಾಗರಾಜ್ ಗಾಂಧಿಯ ದಾರಿಯನ್ನು ಸವರ್ಣರ ಆತ್ಮಶುದ್ಧಿಯ ದಾರಿಯಾಗಿಯೂ ಅಂಬೇಡ್ಕರರದನ್ನು ದಲಿತರ ಸ್ವಾಭಿಮಾನದ ದಾರಿಯಾಗಿಯೂ ಬಿಡಿಸಿ ನೋಡಿದರು. ಆ ವ್ಯತ್ಯಾಸ ಶಾಲೆಯೊಳಗೂ ಕೆಲಸ ಮಾಡಿದೆ. ಶುದ್ಧನಾಗುತ್ತಿರುವ ಹೆಡ್ಮೇಷ್ಟ್ರಿಗೆ ಚೆನ್ನಾಗಿ ಓದುವ, ತಲೆ ಬಗ್ಗಿಸಿ ನಡೆಯುವ, ಕೃತಜ್ಞನಾದ ಹುಡುಗ ಬೇಕು. ಪ್ರಶ್ನೆ ಕೇಳುವ ಹುಡುಗ ಅವರ ಲೆಕ್ಕಕ್ಕೆ ಸಿಗುವುದಿಲ್ಲ. ನನ್ನ ಹೆಡ್ಮೇಷ್ಟ್ರು ಬ್ರಾಹ್ಮಣರಾಗಿರಲಿಲ್ಲ, ಗಾಂಧಿಯನ್ನು ಓದಿಕೊಂಡವರೂ ಆಗಿರಲಿಲ್ಲ. ಆದರೂ ಆ ಕುರ್ಚಿಯ ಜೊತೆ ಆ ಕರುಣೆಯ ಭಾಷೆ ಅವರಿಗೆ ಬಳುವಳಿಯಾಗಿ ಬಂದಿತ್ತು.

3

ಇನ್ನೊಂದು ದಾರಿ ಯಾವುದಿತ್ತು? ಅಂಬೇಡ್ಕರರ ಹೈಸ್ಕೂಲು ದಿನಗಳನ್ನೇ ನೋಡೋಣ. ಪ್ರಾಥಮಿಕ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತದ್ದು, ಜವಾನ ಇಲ್ಲದ ದಿನ ನೀರಿಲ್ಲದೆ ಇದ್ದದ್ದು ಎಲ್ಲರಿಗೂ ಗೊತ್ತು. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲು ಸರ್ಕಾರದ್ದು, ಹೆಸರುವಾಸಿಯಾದದ್ದು. ಅಲ್ಲೂ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಅವರನ್ನು ಕರೆದಾಗ, ಬೋರ್ಡಿನ ಹಿಂದೆ ಇಟ್ಟಿದ್ದ ಊಟದ ಡಬ್ಬಿಗಳನ್ನು ಸವರ್ಣ ಹುಡುಗರು ಓಡಿಹೋಗಿ ತೆಗೆದುಕೊಂಡರು ಎಂದು ಅವರ ಜೀವನಚರಿತ್ರೆ ಹೇಳುತ್ತದೆ. ಸಂಸ್ಕೃತ ಕಲಿಯಲು ಬಿಡದೆ ಪರ್ಷಿಯನ್ ಕಡೆ ತಳ್ಳಿದರು. ಅಂಥ ಹುಡುಗನನ್ನು ಗುರುತಿಸಿದವರು ಕೃಷ್ಣಾಜಿ ಅರ್ಜುನ್ ಕೆಲುಸ್ಕರ್, ಬೇರೊಂದು ಶಾಲೆಯ ಮೇಷ್ಟ್ರು. ಪಾರ್ಕಿನಲ್ಲಿ ಒಬ್ಬನೇ ಕೂತು ಓದುತ್ತಿದ್ದ ಹುಡುಗನನ್ನು ಮಾತಾಡಿಸಿ ಪುಸ್ತಕ ಕೊಟ್ಟರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ನಡೆದ ಸನ್ಮಾನದಲ್ಲಿ ತಾವು ಬರೆದ ಬುದ್ಧಚರಿತ್ರೆ ಕೊಟ್ಟರು, ಮುಂದೆ ಬರೋಡ ಮಹಾರಾಜರ ನೆರವಿಗೆ ದಾರಿ ಮಾಡಿದರು. ಅಂದರೆ ತನ್ನ ಶಾಲೆಯ ಆಡಳಿತ ಬೋರ್ಡಿನ ತನಕ ಮಾತ್ರ ಕರೆಯಿತು. ಅದರ ಆಚೆಗೆ ಕರೆದದ್ದು ಹೊರಗಿನ ಒಬ್ಬ ಮೇಷ್ಟ್ರು.

ಬಹುಶಃ ಈ ಅನುಭವದಿಂದಲೇ ಅಂಬೇಡ್ಕರರು ಸಾರ್ವಜನಿಕ ಜೀವನದ ಮೊದಲ ಕೆಲಸಗಳಲ್ಲೊಂದಾಗಿ ಹಾಸ್ಟೆಲನ್ನು ಕೈಗೆತ್ತಿಕೊಂಡರು. 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭಾ ಹುಟ್ಟಿತು. 1925ರಲ್ಲಿ ಅದು ಸೊಲ್ಲಾಪುರದಲ್ಲಿ ಹೈಸ್ಕೂಲು ಹುಡುಗರಿಗೆ ಒಂದು ಹಾಸ್ಟೆಲು ತೆರೆಯಿತು. ಸೊಲ್ಲಾಪುರ ನಮಗೆ ದೂರದ್ದಲ್ಲ. ಮರಾಠಿಯ ಪಕ್ಕದಲ್ಲೇ ಕನ್ನಡ ಮಾತಾಡುವ ಜನ ಇರುವ ಗಡಿ ಅದು. ಸಭೆ ಅಲ್ಲಿನ ಹುಡುಗರಿಗೆ ಊಟ, ಬಟ್ಟೆ, ಪುಸ್ತಕದ ಖರ್ಚು ಕೊಟ್ಟಿತು. ಅದರ ಜೊತೆಗೆ ವಿದ್ಯಾರ್ಥಿಗಳದೇ ಒಂದು ಮಾಸಪತ್ರಿಕೆ ಇತ್ತು, ಹೆಸರು 'ಸರಸ್ವತೀ ವಿಲಾಸ'. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಈ ಎರಡನೆಯದು. ಇನ್ನೂ ಮೆಟ್ರಿಕ್ ಆಗದ ಅಸ್ಪೃಶ್ಯ ಹುಡುಗರ ಕೈಗೆ ಪತ್ರಿಕೆ ಕೊಡುವುದು ಅಂದರೆ, ಮೊದಲು ಪಾಸಾಗು, ಆಮೇಲೆ ಮಾತಾಡುವಿಯಂತೆ ಅನ್ನುವ ತರ್ಕವನ್ನು ತಿರಸ್ಕರಿಸುವುದು. ಓದು ಮತ್ತು ಮಾತು ಎರಡೂ ಒಂದೇ ಹೊತ್ತಿಗೆ ಬೆಳೆಯಬೇಕು ಎಂಬ ತಿಳುವಳಿಕೆ ಅದರಲ್ಲಿದೆ.

1928ರಲ್ಲಿ ಅಂಬೇಡ್ಕರರು ಕಟ್ಟಿದ ದಲಿತ ವರ್ಗಗಳ ಶಿಕ್ಷಣ ಸಂಘ ಮುಂಬಯಿ ಸರ್ಕಾರದ ನೆರವಿನಿಂದ ಹೈಸ್ಕೂಲು ವಿದ್ಯಾರ್ಥಿಗಳ ಹಾಸ್ಟೆಲುಗಳನ್ನು ನಡೆಸಿತು. ಅದರಲ್ಲೊಂದು ನಮ್ಮ ಧಾರವಾಡದ್ದು. ಮುಂದೆ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಅಲ್ಲಿ ವಿದ್ಯಾರ್ಥಿಗಳ ಪಾರ್ಲಿಮೆಂಟು ಕಟ್ಟಿದರು. 1950ರ ಜನವರಿಯಲ್ಲಿ, ಸಂವಿಧಾನ ಜಾರಿಯಾಗುವುದಕ್ಕೆ ಇನ್ನೂ ಕೆಲವು ದಿನ ಇರುವಾಗ, ಕಾನೂನು ಮಂತ್ರಿಯಾಗಿದ್ದ ಅಂಬೇಡ್ಕರರು ಆ ಹುಡುಗರ ಪಾರ್ಲಿಮೆಂಟಿಗೆ ಹೋಗಿ ಹಿಂದೂ ಕೋಡ್ ಬಿಲ್ ಬಗ್ಗೆ ಮಾತಾಡಿದರು. ದೇಶದ ಪಾರ್ಲಿಮೆಂಟಿನಲ್ಲಿ ತಾನು ಹೋರಾಡುತ್ತಿದ್ದ ಮಸೂದೆಯನ್ನೇ ವಿದ್ಯಾರ್ಥಿಗಳ ಮುಂದೆ ಇಟ್ಟರು. ನಮ್ಮ ಶಾಲೆಗಳ ಮಂತ್ರಿಮಂಡಲದ ಆಟಕ್ಕೂ ಇದಕ್ಕೂ ಎಷ್ಟು ದೂರ ಅನ್ನುವುದನ್ನು ಓದುಗರೇ ಅಳೆಯಬಹುದು.

4

ಕನ್ನಡದಲ್ಲಿ ದಲಿತ ಮುಂದಾಳ್ತನ ಎಲ್ಲಿಂದ ಬಂತು ಅಂತ ಕೇಳಿಕೊಂಡರೆ ಹೈಸ್ಕೂಲಿನ ಸ್ಟೇಜಿಗಿಂತ ಹಾಸ್ಟೆಲಿನ ಜಗಲಿಯೇ ಹೆಚ್ಚು ಕಾಣುತ್ತದೆ. ನಮ್ಮ ಸೀಮೆಯ ಉದಾಹರಣೆಯನ್ನೇ ಕೊಡುತ್ತೇನೆ. 1954ರಲ್ಲಿ ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಂಪುರಕ್ಕೆ ಹೋಗಿ, ಹಾಸ್ಟೆಲುಗಳಲ್ಲಿ ಓದಿದ ಸಿದ್ದಲಿಂಗಯ್ಯನವರು 1975ರಲ್ಲಿ 'ಹೊಲೆಮಾದಿಗರ ಹಾಡು' ತಂದರು. ಅವರ 'ಊರುಕೇರಿ'ಯನ್ನು ನಾವು ನಕ್ಕು ನಕ್ಕು ಓದುತ್ತೇವೆ. ಆ ನಗೆಯ ಕೆಳಗೆ ಒಂದು ಶಿಕ್ಷಣದ ಚರಿತ್ರೆಯೂ ಇದೆ: ಹಸಿವು, ಹಾಸ್ಟೆಲಿನ ಗೆಳೆತನ, ಚರ್ಚೆ, ಭಾಷಣ. 1994ರಲ್ಲಿ ಬಂದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದಲ್ಲಿ ಶಾಲೆ ಅನ್ನುವುದು ಅವಮಾನದ ಜಾಗವಾಗಿಯೂ ಬರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದರೆ ತರಗತಿಯೊಳಗೆ ಮುಚ್ಚಿದ ಬಾಯಿ ತನ್ನವರ ನಡುವೆ ತೆರೆದುಕೊಂಡದ್ದು ಗೊತ್ತಾಗುತ್ತದೆ.

1973ರ ಘಟನೆ ಇದಕ್ಕೆ ದೊಡ್ಡ ಸಾಕ್ಷಿ. ಆ ವರ್ಷದ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದರು. ರಾಜ್ಯ ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಆಗ ಅವರ ಪರ ನಿಂತವರಲ್ಲಿ ಹಾಸ್ಟೆಲಿನ ಹುಡುಗರು ದೊಡ್ಡ ಸಂಖ್ಯೆಯಲ್ಲಿದ್ದರು. ಏಟು ತಿಂದ ಆ ತಲೆಮಾರಿನಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿಗೆ ಕಾರ್ಯಕರ್ತರು ಬಂದರು. ದಲಿತ ವಿದ್ಯಾರ್ಥಿ ಒಕ್ಕೂಟ ಬಂತು. ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಈ ಚಳವಳಿಯನ್ನು ಕಟ್ಟಿದರು. ಅಂದರೆ ವಿದ್ಯಾರ್ಥಿ ಮುಂದಾಳ್ತನಕ್ಕೆ ಬೆಂಬಲವಾಗಿ ನಿಂತ ಮೇಷ್ಟ್ರು ಇದ್ದರು, ಆದರೆ ಅವರು ಅದನ್ನು ಮಾಡಿದ್ದು ಮೇಷ್ಟ್ರಾಗಿ ಮಾತ್ರವಲ್ಲ, ಚಳವಳಿಗಾರರಾಗಿ.

ಹೈಸ್ಕೂಲಿನ ಆಡಳಿತ ಮಾತ್ರ ಈ ಇಡೀ ಕಾಲ ತನ್ನ ಪಾಡಿಗೆ ತಾನಿತ್ತು. ದೇವರಾಜ ಅರಸು ಕಾಲದಲ್ಲಿ ಹಾಸ್ಟೆಲುಗಳು ಹೆಚ್ಚಿದವು, 1996-97ರಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದವು. 2001ರ ಏಪ್ರಿಲಿನಲ್ಲಿ ಸರ್ಕಾರ ಎಸ್.ಡಿ.ಎಂ.ಸಿ. ರಚನೆಯ ಆದೇಶ ಹೊರಡಿಸಿತು. ತಂದೆತಾಯಂದಿರೇ ಶಾಲೆಯ ಉಸ್ತುವಾರಿ ನೋಡಬೇಕು, ಅದರಲ್ಲಿ ಹೆಂಗಸರಿಗೂ ಪರಿಶಿಷ್ಟರಿಗೂ ಜಾಗ ಇರಬೇಕು ಎಂದಿತು. ಕಾಗದದ ಮೇಲೆ ಇವೆಲ್ಲ ದೊಡ್ಡ ಹೆಜ್ಜೆಗಳು. ಆದರೆ ನನ್ನವ್ವ ಒಂದು ಸಲ ಅಂಥ ಸಭೆಗೆ ಹೋಗಿಬಂದು ಹೇಳಿದ್ದು ಇಷ್ಟೇ: "ಕುರ್ಚಿ ಕೊಟ್ರು ಕಣವ್ವ, ಹಾಳೆ ಮ್ಯಾಲೆ ಹೆಬ್ಬೆಟ್ಟು ಒತ್ತಿಸ್ಕಂಡ್ರು. ಏನಾರ ಕೇಳಾನ ಅಂದ್ರೆ ಮೀಟಿಂಗು ಮುಗ್ದೋಗಿತ್ತು."

ಹೆಡ್ಮೇಷ್ಟ್ರ ಪೆನ್ನಿನ ಬಲ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ಹಳೇ ಮೈಸೂರಿನಲ್ಲಿ 1920ರ ದಶಕದಿಂದ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳು ಚಾಲ್ತಿಗೆ ಬಂದವು. ಶಾಲೆಯ ರಿಜಿಸ್ಟರುಗಳಲ್ಲಿ ಎ.ಕೆ., ಎ.ಡಿ. ಎಂದು ಬರೆದರು. ಹೊಲೆಯರೋ ಮಾದಿಗರೋ ಎಂದು ಆ ಎರಡಕ್ಷರ ಹೇಳುತ್ತಿರಲಿಲ್ಲ. ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ಒಳಮೀಸಲಾತಿಗೆ ಒಪ್ಪಿದ ಮೇಲೆ, 2025ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಮನೆಮನೆಗೆ ಹೋಗಿ ಮೂಲಜಾತಿ ಯಾವುದು ಅಂತ ಕೇಳಬೇಕಾಯಿತು. ಎ.ಕೆ., ಎ.ಡಿ.ಗಳ ಗೊಂದಲ ಅದಕ್ಕೆ ಒಂದು ಮುಖ್ಯ ಕಾರಣ. ಅಡ್ಮಿಶನ್ ದಿನ ಅಪ್ಪನನ್ನು ಬಾಗಿಲಾಚೆ ನಿಲ್ಲಿಸಿ ಮೇಷ್ಟ್ರು ಬರೆದುಕೊಂಡ ಎರಡಕ್ಷರವನ್ನು ಬಿಡಿಸಲು ನೂರು ವರ್ಷ ಬೇಕಾಯಿತು.

5

ಇನ್ನು ಇವತ್ತಿನ ಮಾತು. 'ಸಾಧನೆ' ಅನ್ನುವ ಪದ ಈಗ ಹೈಸ್ಕೂಲುಗಳಲ್ಲಿ ಶೇಕಡಾವಾರು ಫಲಿತಾಂಶ ಎಂಬ ಒಂದೇ ಅರ್ಥಕ್ಕೆ ಇಳಿದಿದೆ. ಫಲಿತಾಂಶ ಕಡಿಮೆಯಾದರೆ ಹೆಡ್ಮೇಷ್ಟ್ರಿಗೆ ನೋಟಿಸು. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗೆ ಫೇಲು ಮಾಡಬಾರದು ಎಂದಾಗ ಜರಡಿ ಒಂಬತ್ತನೇ ತರಗತಿಗೆ ಸರಿಯಿತು. ಹತ್ತರಲ್ಲಿ ಶೇಕಡಾವಾರು ಕೆಡಿಸುವ ಮಕ್ಕಳನ್ನು ಒಂಬತ್ತರಲ್ಲೇ ತಡೆಯುವುದು, ಮನೆಯವರನ್ನು ಕರೆಸಿ ಟಿ.ಸಿ. ತೆಗೆದುಕೊಂಡು ಹೋಗಿ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿದ್ಯೆ. ಆ ಜರಡಿಯಲ್ಲಿ ಮೊದಲು ಉದುರುವುದು ಹುಳದ ಕೆಲಸಕ್ಕೆ, ಕೂಲಿಗೆ ಹೋಗಿ ಹಾಜರಿ ತಪ್ಪಿಸಿಕೊಂಡ ಮಕ್ಕಳು.

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕ್ಯಾಮೆರಾ ಕಣ್ಣಿನಡಿ ನಡೆಯಿತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಹಾಗಾದರೆ ಅಷ್ಟು ವರ್ಷ ಶಾಲೆಗಳು ತೋರಿಸಿಕೊಂಡ ಸಾಧನೆಯಲ್ಲಿ ಕಲಿಕೆ ಎಷ್ಟು, ಲೆಕ್ಕ ಎಷ್ಟು? ಪಾಸಾದ ಮಗುವಿಗೆ ಓದಲು ಬರುತ್ತದೆಯೇ ಎಂದು ಕೇಳದ ಆಡಳಿತ ಆ ಮಗುವಿಗೆ ಮಾತಾಡಲು ಬರುತ್ತದೆಯೇ ಎಂದು ಕೇಳುವುದು ದೂರದ ಮಾತು.

ಮುಂದಾಳ್ತನದ ಕಡೆ ನೋಡಿದರೆ ಶಾಲಾ ಸಂಸತ್ತಿದೆ. ಪ್ರಧಾನಮಂತ್ರಿ, ಶಿಕ್ಷಣಮಂತ್ರಿ, ಆಹಾರಮಂತ್ರಿ, ಸ್ವಚ್ಛತಾ ಮಂತ್ರಿ ಎಲ್ಲರೂ ಇದ್ದಾರೆ. ಜೂನ್ ತಿಂಗಳಲ್ಲಿ ಪ್ರಮಾಣವಚನವೂ ಆಗುತ್ತದೆ. ನಾನು ಕೇಳುವುದು, ಯಾವ ಖಾತೆ ಯಾವ ಬೀದಿಯ ಮಗುವಿಗೆ ಹೋಗುತ್ತದೆ ಅಂತ ಹತ್ತು ವರ್ಷದ ಪಟ್ಟಿ ತೆಗೆದು ನೋಡಿದ್ದೇವೆಯೇ? ಚತುರ್ವರ್ಣವನ್ನು ಮಂತ್ರಿಮಂಡಲದ ಹೆಸರಿನಲ್ಲಿ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿಲ್ಲವೇ? ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ನಿಷೇಧಿಸಿದ ನಾಡು ಇದು. ಅದೇ ನಾಡಿನಲ್ಲಿ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ ಸುದ್ದಿ ಬಂತು, ಪ್ರಾಂಶುಪಾಲರನ್ನು ಬಂಧಿಸಲಾಯಿತು. ಅದನ್ನು ಒಬ್ಬಿಬ್ಬರ ಕ್ರೌರ್ಯ ಎಂದು ಮುಗಿಸಿಬಿಡುವುದು ಸುಲಭ. ಗುಂಡಿಗೂ ಸ್ವಚ್ಛತಾ ಮಂತ್ರಿಯ ಪಟ್ಟಕ್ಕೂ ಹೋಲಿಕೆ ಇಲ್ಲ, ನಿಜ. ಆದರೆ ಯಾವ ಕೆಲಸಕ್ಕೆ ಯಾವ ಮಗುವಿನ ಹೆಸರು ಥಟ್ಟನೆ ಬಾಯಿಗೆ ಬರುತ್ತದೆ ಅನ್ನುವ ಅಭ್ಯಾಸ ಎರಡರಲ್ಲೂ ಒಂದೇ.

6

ಇಷ್ಟು ಹೇಳಿ ನಿಲ್ಲಿಸಿದರೆ ಬರಿಯ ದೂರಾದೀತು. ಬೇರೆ ಥರ ಸಾಧ್ಯ ಇತ್ತು ಅನ್ನುವುದನ್ನೂ ನಾನು ಕಂಡಿದ್ದೇನೆ. ನಾನು ಹತ್ತನೇ ಕ್ಲಾಸಿಗೆ ಬಂದಾಗ ನಮ್ಮ ಹೆಡ್ಮೇಷ್ಟ್ರಿಗೆ ವರ್ಗವಾಗಿ ಒಬ್ಬ ಮೇಡಂ ಬಂದರು. ಯಾವ ಜಾತಿ ಅಂತ ಊರಿನವರು ಒಂದು ವಾರದಲ್ಲಿ ಪತ್ತೆ ಮಾಡಿದರು. ನನಗೆ ಈಗ ಅದು ಬೇಡ. ಅವರು ಟೀ, ಬನ್ನು ತರಿಸಲಿಲ್ಲ, ಪುಟ್ಟಿ ಅನ್ನಲೂ ಇಲ್ಲ. ಬೆಳಗಿನ ಕ್ಲಾಸು ಮುಂದುವರಿಸಿದರು, ಆದರೆ ಅದನ್ನು ಟೈಂಟೇಬಲ್ಲಿಗೆ ಹಾಕಿ ಎಲ್ಲ ಬೀದಿಯ ಮಕ್ಕಳಿಗೂ ಕಡ್ಡಾಯ ಮಾಡಿದರು. ದಡ್ಡರ ಕ್ಲಾಸು, ಕೇರಿ ಕ್ಲಾಸು ಅನ್ನುವ ಹೆಸರು ತಾನಾಗಿ ಹೋಯಿತು.

ಮಂತ್ರಿಮಂಡಲಕ್ಕೆ ಚೀಟಿ ಹಾಕಿ ಗುಟ್ಟಿನ ಮತದಾನ ಮಾಡಿಸಿದರು. ನಾನು ಪ್ರಧಾನಮಂತ್ರಿಗೆ ನಿಂತು ಸೋತೆ. ಸೋತವರು ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಮೇಡಂ ನನ್ನನ್ನು ಕರೆದು, ಸೋತವರು ಲೆಕ್ಕ ಕೇಳಬೇಕು ಅಂದರು. ಪ್ರತಿ ಶನಿವಾರ ಪ್ರಾರ್ಥನೆ ಆದಮೇಲೆ ಬಿಸಿಯೂಟದ ಪುಸ್ತಕ ಓದುವ ಕೆಲಸ ನನಗೆ ಬಂತು: ಅಕ್ಕಿ ಎಷ್ಟು ಬಂತು, ಬೇಳೆ ಎಷ್ಟು ಖರ್ಚಾಯಿತು, ಎಷ್ಟು ಮಕ್ಕಳು ಉಂಡರು. ಹಕಾರ ಇಲ್ಲದೆಯೇ ಓದಿದೆ. ಮೊದಲ ವಾರ ನಕ್ಕರು. ಮೂರನೇ ವಾರ ಬೇಳೆಯ ಲೆಕ್ಕ ಬಂದಾಗ ನಗು ನಿಂತು ಕೇಳಿಸಿಕೊಂಡರು. ಒಂದು ಶನಿವಾರ ನಾನು ಪುಸ್ತಕ ಬಿಟ್ಟು ಕೇಳಿಬಿಟ್ಟೆ, ಪಾತ್ರೆ ತೊಳೆಯುವ ಪಾಳಿ ಯಾಕೆ ನಮ್ಮ ಬೀದಿಯವರಿಗೇ ಬರ್ತದೆ ಅಂತ. ಮೇಷ್ಟ್ರುಗಳು ಮುಖ ಮುಖ ನೋಡಿಕೊಂಡರು. ಮೇಡಂ ಉತ್ತರ ಕೊಡಲಿಲ್ಲ. ನಡಾವಳಿ ಪುಸ್ತಕ ತರಿಸಿ ನನ್ನ ಪ್ರಶ್ನೆಯನ್ನು ನನ್ನ ಹೆಸರಿನ ಸಮೇತ ಬರೆಸಿದರು. ಮುಂದಿನ ಸಭೆಯಲ್ಲಿ ಅದನ್ನು ಎಸ್.ಡಿ.ಎಂ.ಸಿ.ಯವರ ಮುಂದೆ ಓದಿಸಿದರು. ತಿಂಗಳು ಕಳೆದ ಮೇಲೆ ಪಾಳಿ ಬದಲಾಯಿತು, ಹಾಜರಿ ನಂಬರಿನ ಪ್ರಕಾರ ಎಲ್ಲರಿಗೂ ಬಂತು. ಇಬ್ಬರು ಮಕ್ಕಳನ್ನು ಮನೆಯವರು ಶಾಲೆ ಬಿಡಿಸಿ ಚನ್ನಪಟ್ಟಣಕ್ಕೆ ಹಾಕಿದರು. ಆ ವರ್ಷದ ಫಲಿತಾಂಶವೇನೂ ಬಿದ್ದುಹೋಗಲಿಲ್ಲ.

ಈ ಮೇಡಂ ಮಾಡಿದ್ದು ದೊಡ್ಡ ಕ್ರಾಂತಿಯಲ್ಲ. ಸರ್ಕಾರದ ಆದೇಶದಲ್ಲಿ ಇದ್ದದ್ದನ್ನೇ ಮಾಡಿದರು. ವ್ಯತ್ಯಾಸ ಇಷ್ಟೇ: ಹಿಂದಿನವರು ನನಗೆ ಕೊಟ್ಟದ್ದು ತಮ್ಮ ಪ್ರೀತಿಯಿಂದ, ಅವರಿಗೆ ವರ್ಗವಾದ ದಿನ ಅದೂ ಅವರ ಜೊತೆ ಹೋಯಿತು. ಇವರು ಕೊಟ್ಟದ್ದು ಟೈಂಟೇಬಲ್ಲು, ಚೀಟಿ, ಲೆಕ್ಕದ ಪುಸ್ತಕ, ನಡಾವಳಿ. ಅವುಗಳನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದಿತ್ತು. ಸೊಲ್ಲಾಪುರದ ಹಾಸ್ಟೆಲಿನ ಹುಡುಗರಿಗೆ ಪತ್ರಿಕೆ ಸಿಕ್ಕ ಹಾಗೆ ನಮಗೆ ನಡಾವಳಿ ಪುಸ್ತಕ ಸಿಕ್ಕಿತು ಅಂತ ಈಗ ನನಗೆ ಅನ್ನಿಸುತ್ತದೆ.

ಹೈಸ್ಕೂಲಿನ ಆಡಳಿತವನ್ನು ನಾವು ಎರಡು ಪ್ರಶ್ನೆಗಳಿಂದ ಒಟ್ಟಿಗೇ ಅಳೆಯಬೇಕು ಅನ್ನುವುದು ನನ್ನ ವಾದ. ಕೇರಿಯ ಮಗು ಪಾಸಾಯಿತೇ ಅನ್ನುವುದು ಒಂದು. ಆ ಮಗುವಿನ ಒಂದು ಪ್ರಶ್ನೆಗಾದರೂ ಶಾಲೆಯ ಯಾವುದಾದರೂ ಒಂದು ನಿಯಮ ಬದಲಾಯಿತೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮಾತ್ರ ಉತ್ತರ ಇದ್ದರೆ ಅದು ಪಂಚಮ ಶಾಲೆಯ ಕಾಲದ ಕರುಣೆಯ ಮುಂದುವರಿಕೆ. ಎರಡನೆಯದಕ್ಕೆ ಮಾತ್ರ ಉತ್ತರ ಇದ್ದರೆ ಅದು ಹಸಿದ ಹೊಟ್ಟೆಯ ಭಾಷಣ. ಎರಡನ್ನೂ ಕೇಳುವ ಕೆಲಸವನ್ನು ದಲಿತ ವಿಮರ್ಶೆ ತನ್ನದು ಎಂದುಕೊಳ್ಳಬೇಕು. ಆತ್ಮಕತೆಗಳನ್ನು ಓದುವ ಹಾಗೆ ಮಂತ್ರಿಮಂಡಲದ ಪಟ್ಟಿಗಳನ್ನು, ಅಡ್ಮಿಶನ್ ರಿಜಿಸ್ಟರುಗಳನ್ನು, ನಡಾವಳಿಗಳನ್ನು ಓದಬೇಕು.

ಕೊನೆಗೆ ನನ್ನ ಮೇಲೇ ಒಂದು ಮಾತು. ನಾನು ಈಗ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತೇನೆ. ಕಳೆದ ವರ್ಷ ಕಾಲೇಜು ಸಮಾರಂಭಕ್ಕೆ ನಿರೂಪಣೆ ಮಾಡುವ ವಿದ್ಯಾರ್ಥಿಗಳ ಪಟ್ಟಿ ಕೊಡಲು ನನಗೆ ಹೇಳಿದರು. ಸ್ಟಾಫ್ ರೂಮಿನಲ್ಲಿ ಕೂತು ಐದು ಹೆಸರು ಬರೆದೆ. ಸಹೋದ್ಯೋಗಿಯೊಬ್ಬರು ನೋಡಿ, "ಒಳ್ಳೆ ಸೆಲೆಕ್ಷನ್ ಮೇಡಂ, ಎಲ್ಲರದೂ ಉಚ್ಚಾರ ಸ್ವಚ್ಛ ಇದೆ" ಅಂದರು. ಅವರು ಹಾಗೆ ಅಂದ ಮೇಲೆ ಪಟ್ಟಿಯನ್ನು ಮತ್ತೆ ನೋಡಿದೆ. ಐದು ಹೆಸರಿನಲ್ಲಿ ಒಂದೂ ಕೇರಿಯದಾಗಿರಲಿಲ್ಲ. ಸತ್ತೇಗಾಲದ ಕಡೆಯಿಂದ ಬರುವ ಒಬ್ಬ ಹುಡುಗಿ ಹಿಂದಿನ ವಾರವಷ್ಟೇ ನನ್ನನ್ನು ಕೇಳಿದ್ದಳು, "ಮಿಸ್, ನಾನೂ ಏಳ್ಲಾ?" ಅಂತ. ಅವಳು 'ಹೇಳ್ಲಾ' ಅಂದದ್ದು. ನಾನು, ಇಂಟರ್ನಲ್ಸ್ ಹತ್ತಿರ ಬಂತು, ಮೊದಲು ಓದಿಕೊ ಅಂದಿದ್ದೆ.

ಪಟ್ಟಿ ತಿದ್ದಿದೆ. ಅವಳು ನಿರೂಪಣೆ ಮಾಡಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಅವಳು ನಿಲ್ಲಿಸಲಿಲ್ಲ. ಆದರೆ ನನ್ನ ಕೈ ಮೊದಲು ಬರೆದದ್ದು ಆ ಐದು ಹೆಸರುಗಳನ್ನೇ. ನನ್ನ ಹಳೆಯ ಹೆಡ್ಮೇಷ್ಟ್ರು ಈಗ ರಿಟೈರಾಗಿದ್ದಾರೆ, ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೊಮ್ಮೆ ಸಿಗುತ್ತಾರೆ, "ನೀನು ಲೆಕ್ಚರರ್ ಆದದ್ದು ನಂಗೆ ಎಮ್ಮೆ ಕಣಮ್ಮ" ಅನ್ನುತ್ತಾರೆ. ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇನೆ. ಈ ಬರಹದ ಒಂದು ಪ್ರತಿಯನ್ನು ಅವರಿಗೂ ಕೊಡಬೇಕು ಅಂದುಕೊಂಡಿದ್ದೇನೆ.